ಮೊದಲು ಒಂದು ಸುತ್ತು, ಆಮೇಲೆ ಲೆಕ್ಕ

ಜಿಪಿಎಸ್ ರಿಸೀವರ್ ಕೊಡುವ ಸ್ಥಳವನ್ನು ಮ್ಯಾಪ್ ಮೇಲೆ ಒಂದು ಚುಕ್ಕಿಯಾಗಿ ತೋರಿಸುವ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೆ. ಚುಕ್ಕಿ ಬಂತು, ಆದರೆ ಇರಬೇಕಾದ ಜಾಗದಿಂದ ಹನ್ನೊಂದು ಕಿಲೋಮೀಟರ್‌ಗೂ ಜಾಸ್ತಿ ದೂರದಲ್ಲಿ. ಮೊದಲು ರಿಸೀವರ್ ಮೇಲೆ ಅನುಮಾನ ಬಂತು, ಆಮೇಲೆ ಆಂಟೆನಾ ಮೇಲೆ, ಆಮೇಲೆ ಮ್ಯಾಪ್ ಮೇಲೆ. ಎರಡು ಸಂಜೆ ಹೋದವು. ಕೊನೆಗೆ ನೋಡಿದರೆ ತಪ್ಪು ಇದ್ದದ್ದು ನಾನು ಬರೆದ ಒಂದೇ ಸಾಲಿನಲ್ಲಿ, ಒಂದು ಭಾಗಾಕಾರದಲ್ಲಿ.

ಎನ್‌ಎಂಇಎ ಅಂತ ಒಂದು ಹಳೆಯ ಪದ್ಧತಿ ಇದೆ. ಬಹಳಷ್ಟು ರಿಸೀವರ್‌ಗಳು ಇವತ್ತಿಗೂ ಅದೇ ರೂಪದಲ್ಲಿ ಅಕ್ಷಾಂಶ, ರೇಖಾಂಶ ಕಳಿಸುತ್ತವೆ. ಅದರಲ್ಲಿ 3715.45 ಅಂತ ಬಂತು ಅಂದುಕೊಳ್ಳಿ (ಲೆಕ್ಕ ಸುಲಭವಾಗಲಿ ಅಂತ ಈ ಸಂಖ್ಯೆ ಆರಿಸಿದ್ದೇನೆ). ನಾನು ಅದನ್ನು 100ರಿಂದ ಭಾಗಿಸಿ 37.1545 ಡಿಗ್ರಿ ಅಂದುಕೊಂಡೆ. ಆದರೆ ಅದು ಹೇಳುತ್ತಿದ್ದದ್ದು 37 ಡಿಗ್ರಿ, 15.45 ನಿಮಿಷ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 15.45 ÷ 60 = 0.2575, ಒಟ್ಟು 37.2575 ಡಿಗ್ರಿ. ಎರಡಕ್ಕೂ ನಡುವೆ 0.103 ಡಿಗ್ರಿ ವ್ಯತ್ಯಾಸ. ಅಕ್ಷಾಂಶದ ಒಂದು ಡಿಗ್ರಿ ನೆಲದ ಮೇಲೆ ಸುಮಾರು 111 ಕಿ.ಮೀ. ಆಗುತ್ತದೆ, ಅಲ್ಲಿಗೆ ಹನ್ನೊಂದು ಚಿಲ್ಲರೆ ಕಿಲೋಮೀಟರ್ ಎಲ್ಲಿ ಹೋಯಿತು ಅಂತ ಗೊತ್ತಾಯಿತು. ಈ ತಪ್ಪಿನ ಕೆಟ್ಟ ಗುಣ ಏನೆಂದರೆ ಅದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನಿಮಿಷದ ಭಾಗ ಸೊನ್ನೆಯ ಹತ್ತಿರ ಇದ್ದರೆ ಚುಕ್ಕಿ ಸರಿಯಾದ ಜಾಗದಲ್ಲೇ ಇದ್ದಂತೆ ಕಾಣುತ್ತದೆ, 59ರ ಹತ್ತಿರ ಇದ್ದರೆ 40 ಕಿ.ಮೀ. ದಾಟುತ್ತದೆ. ಒಂದು ಜಾಗದಲ್ಲಿ ಪರೀಕ್ಷೆ ಮಾಡಿ "ಸರಿ ಇದೆ" ಅಂತ ಬಿಟ್ಟಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಆವತ್ತಿನಿಂದ ಕೋನದ ಅಳತೆ ಬದಲಿಸುವ ಸೂತ್ರಗಳನ್ನು ಬಾಯಿಪಾಠ ಮಾಡುವುದನ್ನೇ ಬಿಟ್ಟಿದ್ದೇನೆ. ಪೈ ಮೇಲೆ, 180 ಕೆಳಗೆ ಇರಬೇಕಾ, ಅಥವಾ 180 ಮೇಲೆ, ಪೈ ಕೆಳಗಾ? ಪರೀಕ್ಷೆಯ ಹಿಂದಿನ ರಾತ್ರಿ ಇದು ನೆನಪಿರುತ್ತದೆ, ಮಾರನೇ ವಾರ ಮರೆಯುತ್ತದೆ. ಅದರ ಬದಲು ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಕೋನ ಒಂದು ಪೂರ್ತಿ ಸುತ್ತಿನ ಎಷ್ಟನೇ ಪಾಲು?

ಎಲ್ಲ ಅಳತೆಗಳೂ ಒಪ್ಪುವ ವಸ್ತು ಒಂದೇ, ಪೂರ್ತಿ ಸುತ್ತು. ಹೊರಟ ಜಾಗಕ್ಕೆ ಮತ್ತೆ ಬಂದು ನಿಲ್ಲುವುದು. ಅದನ್ನು ಡಿಗ್ರಿಯವರು 360 ಅಂತಾರೆ, ರೇಡಿಯನ್‌ನವರು 2 ಪೈ ಅಂತಾರೆ, ಅಂದರೆ 6.2832. ಗ್ರೇಡಿಯನ್‌ನವರಿಗೆ ಅದು 400, ಆಕಾಶ ನೋಡುವವರಿಗೆ 24 ಗಂಟೆ, ಹಳೆಯ ಹಡಗಿನ ದಿಕ್ಸೂಚಿಯಲ್ಲಿ 32 ಬಿಂದು. ಹಾಗಾಗಿ ಕೈಯಲ್ಲಿರುವ ಸಂಖ್ಯೆಯನ್ನು ಅದರದೇ ಪೂರ್ತಿ ಸುತ್ತಿನಿಂದ ಭಾಗಿಸಿ, ಬೇಕಾದ ಅಳತೆಯ ಪೂರ್ತಿ ಸುತ್ತಿನಿಂದ ಗುಣಿಸಿದರೆ ಆಯಿತು. 72 ಡಿಗ್ರಿ ತಗೊಳ್ಳಿ. 72 ÷ 360, ಅಂದರೆ ಐದನೇ ಒಂದು ಸುತ್ತು. ಐದನೇ ಒಂದು ಅಂತ ಗೊತ್ತಾದ ಮೇಲೆ ಉಳಿದದ್ದೆಲ್ಲ ಬಾಯಿಲೆಕ್ಕ: 80 ಗ್ರೇಡಿಯನ್, 1.2566 ರೇಡಿಯನ್, 4 ಗಂಟೆ 48 ನಿಮಿಷ. ಎಲ್ಲದಕ್ಕೂ ಒಂದೇ ದಾರಿ, ಯಾವುದಕ್ಕೂ ಬೇರೆ ಸೂತ್ರ ಬೇಡ. ಉತ್ತರ ಸರಿಯೋ ತಪ್ಪೋ ಅನ್ನುವುದೂ ತಕ್ಷಣ ಗೊತ್ತಾಗುತ್ತದೆ. ಡಿಗ್ರಿಯಿಂದ ರೇಡಿಯನ್‌ಗೆ ಹೋಗುವಾಗ ಸಂಖ್ಯೆ ಸಣ್ಣದಾಗಬೇಕು, ಯಾಕೆಂದರೆ ಸುತ್ತು 360ರಿಂದ ಆರು ಚಿಲ್ಲರೆಗೆ ಇಳಿದಿದೆ. 72 ಡಿಗ್ರಿಗೆ 4125 ಅಂತ ಉತ್ತರ ಬಂದರೆ ಪೈ ಮತ್ತು 180 ತಿರುಗುಮುರುಗಾಗಿವೆ ಅಂತಲೇ ಅರ್ಥ.

360 ಯಾಕೆ ಅಂತ ಎಲ್ಲರೂ ಒಂದಲ್ಲ ಒಂದು ದಿನ ಕೇಳಿರುತ್ತಾರೆ. 60ರ ಲೆಕ್ಕ ಬ್ಯಾಬಿಲೋನಿನಿಂದ ಬಂದದ್ದು. ಅದು ಇಷ್ಟು ಕಾಲ ಉಳಿದುಕೊಂಡದ್ದಕ್ಕೆ ಕಾರಣ 360 ಪಾಲು ಮಾಡಲು ತುಂಬಾ ಒಳ್ಳೆಯ ಸಂಖ್ಯೆ ಅನ್ನುವುದು ಅಂತ ನನ್ನ ಅಭಿಪ್ರಾಯ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 24 ಇವೆ, 400ಕ್ಕೆ 15 ಮಾತ್ರ. ಮೂರನೇ ಒಂದು ಸುತ್ತು ಡಿಗ್ರಿಯಲ್ಲಿ ಸರಿಯಾಗಿ 120, ಗ್ರೇಡಿಯನ್‌ನಲ್ಲಿ 133.333 ಅಂತ ಮುಗಿಯದೆ ಹೋಗುತ್ತದೆ. ಕೈಯಲ್ಲಿ ಲೆಕ್ಕ ಹಾಕುತ್ತಿದ್ದವರಿಗೆ ಇದು ದೊಡ್ಡ ಅನುಕೂಲ.

ಡಿಗ್ರಿಯ ಒಳಗೆ 60 ನಿಮಿಷ, ನಿಮಿಷದ ಒಳಗೆ 60 ಸೆಕೆಂಡ್. ಇಲ್ಲೇ ಜಾಸ್ತಿ ಜನ ಎಡವುವುದು. 12.5 ಡಿಗ್ರಿ ಅಂದರೆ 12°30′, 12°50′ ಅಲ್ಲ. ಹೇಳಿದಾಗ "ಇದು ಗೊತ್ತಿರೋದೇ" ಅನ್ನಿಸುತ್ತದೆ, ಆದರೆ ನನ್ನ ಹನ್ನೊಂದು ಕಿಲೋಮೀಟರ್ ಹೋದದ್ದು ಇದೇ ತಪ್ಪಿನಿಂದ. ದಶಮಾಂಶದಿಂದ ನಿಮಿಷ, ಸೆಕೆಂಡಿಗೆ ಹೋಗಲು ನಾನು ಮಾಡುವುದು ಹೀಗೆ: 37.2575ರಲ್ಲಿ 37 ಪಕ್ಕಕ್ಕಿಟ್ಟು, ಉಳಿದ 0.2575 ಅನ್ನು 60ರಿಂದ ಗುಣಿಸಿದರೆ 15.45. 15 ಪಕ್ಕಕ್ಕಿಟ್ಟು, ಉಳಿದ 0.45 ಅನ್ನು ಮತ್ತೆ 60ರಿಂದ ಗುಣಿಸಿದರೆ 27. ಅಲ್ಲಿಗೆ 37°15′27″. ವಾಪಸ್ ಬರಲು 15ನ್ನು 60ರಿಂದ, 27ನ್ನು 3600ರಿಂದ ಭಾಗಿಸಿ ಕೂಡಿಸಿದರೆ ಸಾಕು.

ಮೈನಸ್ ಇದ್ದರೆ ಇನ್ನೊಂದು ಗುಂಡಿ. ಮೈನಸ್ 12°15′ ಅಂದರೆ ಮೈನಸ್ 12.25. ಮೈನಸ್ 12ಕ್ಕೆ 0.25 ಕೂಡಿಸಿ ಮೈನಸ್ 11.75 ಅಂತ ಮಾಡುವ ಪ್ರೋಗ್ರಾಂಗಳನ್ನು ನಾನೇ ನೋಡಿದ್ದೇನೆ. ಮೈನಸ್ ಅನ್ನೋದು ಇಡೀ ಕೋನಕ್ಕೆ ಸೇರಿದ್ದು, ಡಿಗ್ರಿಯ ಅಂಕಿಗೆ ಮಾತ್ರ ಅಲ್ಲ. ಮೈನಸ್ 0°30′ ಇನ್ನೂ ಕಷ್ಟ. ಡಿಗ್ರಿಯನ್ನು ಪೂರ್ಣಾಂಕವಾಗಿ ಇಟ್ಟುಕೊಂಡರೆ ಮೈನಸ್ ಸೊನ್ನೆಯೂ ಸೊನ್ನೆಯೇ, ಚಿಹ್ನೆ ಅಲ್ಲೇ ಕಳೆದುಹೋಗುತ್ತದೆ, ಭೂಮಧ್ಯರೇಖೆಯ ಕೆಳಗಿದ್ದ ಜಾಗ ಮೇಲಕ್ಕೆ ಬರುತ್ತದೆ. ಹಾಗಾಗಿ ಚಿಹ್ನೆಯನ್ನು ಮೊದಲೇ ತೆಗೆದು ಬೇರೆ ಇಟ್ಟುಕೊಂಡು, ಲೆಕ್ಕ ಎಲ್ಲ ಮುಗಿದ ಮೇಲೆ ವಾಪಸ್ ಹಚ್ಚಬೇಕು.

ಆಕಾಶದ ನಕ್ಷೆಗಳಲ್ಲಿ ಗಂಟೆ ಬಂದಾಗ ನಿಮಿಷ ಅನ್ನುವ ಪದವೇ ತೊಂದರೆ ಕೊಡುತ್ತದೆ. ಸುತ್ತಿಗೆ 24 ಗಂಟೆ, ಅಂದರೆ ಒಂದು ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ ಕಾಲ. ಕಾಲದ ಒಂದು ನಿಮಿಷ ಅಂದರೆ ಕೋನದ 15 ನಿಮಿಷ. ಎರಡಕ್ಕೂ ಹೆಸರು ಒಂದೇ, ಬೆಲೆ ಹದಿನೈದು ಪಟ್ಟು ಬೇರೆ.

ಈಗ ರೇಡಿಯನ್. ನನಗೆ ತುಂಬಾ ಇಷ್ಟವಾದ ಅಳತೆ ಇದು, ಆದರೆ ಶಾಲೆಯಲ್ಲಿ ಮೊದಲು ಕಲಿತಾಗ ಸುಮ್ನೆ ತೊಂದರೆ ಕೊಡಲು ಯಾರೋ ಕಂಡುಹಿಡಿದದ್ದು ಅಂತ ಅನ್ನಿಸಿತ್ತು. ಡಿಗ್ರಿ ಚೆನ್ನಾಗಿಯೇ ಇರುವಾಗ 57.2958 ಡಿಗ್ರಿಗೆ ಸಮ ಅಂತ ಒಂದು ವಿಚಿತ್ರ ಅಳತೆ ಯಾಕೆ ಬೇಕು? ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಒಂದು ದಾರದಿಂದ. ಒಂದು ಚಕ್ರ ತಗೊಳ್ಳಿ, ನಡುವಿನಿಂದ ಅಂಚಿನ ತನಕ ದಾರ ಹಿಡಿದು ಅಷ್ಟಕ್ಕೇ ಕತ್ತರಿಸಿ. ಅದು ತ್ರಿಜ್ಯ. ಈಗ ಅದೇ ದಾರವನ್ನು ಚಕ್ರದ ಅಂಚಿನ ಮೇಲೆ ಬಾಗಿಸಿ ಇಡಿ. ದಾರದ ಎರಡು ತುದಿಗಳಿಂದ ನಡುವಿಗೆ ಗೆರೆ ಎಳೆದರೆ ಸಿಗುವ ಕೋನವೇ ಒಂದು ರೇಡಿಯನ್. ಇಡೀ ಅಂಚನ್ನು ಸುತ್ತಲು ಅಂಥ ಆರು ದಾರ ಬೇಕು, ಅದರ ಮೇಲೆ ಇನ್ನೊಂದು ಚೂರು. ಆ ಆರು ಮತ್ತು ಚೂರೇ 2 ಪೈ.

ಇದರಲ್ಲಿ 360ರ ಹಾಗೆ ಯಾರೋ ಆರಿಸಿದ ಸಂಖ್ಯೆ ಇಲ್ಲ ಅನ್ನುವುದನ್ನು ಗಮನಿಸಿ. ವೃತ್ತ ತನ್ನನ್ನು ತಾನೇ ತನ್ನ ತ್ರಿಜ್ಯದಿಂದ ಅಳೆದುಕೊಳ್ಳುತ್ತದೆ. ಉದ್ದವನ್ನು ಉದ್ದದಿಂದ ಭಾಗಿಸುವುದರಿಂದ ಉಳಿಯುವುದು ಬರೀ ಸಂಖ್ಯೆ. ಅದರಿಂದ ಆಗುವ ಲಾಭ ಎಷ್ಟು ದೊಡ್ಡದು ಅಂತ ನೋಡಿ: ಅಂಚಿನ ಮೇಲಿನ ಉದ್ದ ಬೇಕಾದರೆ ತ್ರಿಜ್ಯವನ್ನು ಕೋನದಿಂದ ಗುಣಿಸಿದರೆ ಮುಗಿಯಿತು. 3 ಮೀಟರ್ ತ್ರಿಜ್ಯ, 0.5 ರೇಡಿಯನ್, ಉದ್ದ 1.5 ಮೀಟರ್. ಇದನ್ನೇ ಡಿಗ್ರಿಯಲ್ಲಿ ಮಾಡಲು ಹೋದರೆ ಪ್ರತಿ ಸಲ ಪೈ ಮತ್ತು 180 ನಡುವೆ ಬಂದು ಕೂರುತ್ತವೆ. ಸೈನ್‌ನ ಬದಲಾವಣೆಯ ದರ ಕೊಸೈನ್ ಅಂತ ಕಲನದಲ್ಲಿ ಕಲಿಯುತ್ತೇವಲ್ಲ, ಅದೂ ರೇಡಿಯನ್‌ನಲ್ಲಿ ಮಾತ್ರ ನಿಜ. ಡಿಗ್ರಿಯಲ್ಲಿ ಬರೆದರೆ 0.01745 ಅನ್ನುವ ಬಾಲ ಹಿಂದೆಯೇ ಬರುತ್ತದೆ.

ಆ ಹೆಸರು ಹೊಸದು, ವಿಚಾರ ಹಳೆಯದು. ಇಂಗ್ಲೆಂಡಿನ ಗಣಿತಜ್ಞ ರೋಜರ್ ಕೋಟ್ಸ್ 1714ರಲ್ಲೇ ಇದನ್ನು ಬಳಸಿದ್ದ. ರೇಡಿಯನ್ ಅನ್ನುವ ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1873ರಲ್ಲಿ, ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ಕೊಟ್ಟ ಪರೀಕ್ಷೆಯ ಪ್ರಶ್ನೆಗಳಲ್ಲಿ. ಪ್ರಶ್ನೆಪತ್ರಿಕೆಯಲ್ಲಿ ಹುಟ್ಟಿದ ಪದ ಇವತ್ತಿಗೂ ಪ್ರಶ್ನೆಪತ್ರಿಕೆಗಳಲ್ಲೇ ಹೆಚ್ಚು ಕಾಣುತ್ತದೆ.

ಆದರೆ ನನಗೆ ರೋಮಾಂಚನ ಕೊಡುವುದು ಇದಕ್ಕಿಂತ ಬಹಳ ಹಿಂದಿನ ಕಥೆ. ಆರ್ಯಭಟ ಕ್ರಿ.ಶ. 499ರ ಹೊತ್ತಿಗೆ ಜ್ಯಾ ಕೋಷ್ಟಕ ಕೊಟ್ಟ, ಅಂದರೆ ಇವತ್ತಿನ ಸೈನ್ ಕೋಷ್ಟಕ. ಅವನು ಕೋನವನ್ನು ಕಲೆಗಳಲ್ಲಿ ಅಳೆಯುತ್ತಿದ್ದ. ಕಲೆ ಅಂದರೆ ಡಿಗ್ರಿಯ ಅರವತ್ತನೇ ಪಾಲು, ನಾವು ಈಗ ಹೇಳುವ ಕೋನದ ನಿಮಿಷವೇ. ಪೂರ್ತಿ ಸುತ್ತಿಗೆ 21600 ಕಲೆ. ಅವನ ಕೋಷ್ಟಕದಲ್ಲಿ ತ್ರಿಜ್ಯ ಎಷ್ಟು ಅಂದರೆ 3438. ಇದೆಲ್ಲಿಂದ ಬಂತು? ಪರಿಧಿಯನ್ನೇ 21600 ಅಂತ ಇಟ್ಟುಕೊಂಡು, 3.1416ರ ಎರಡರಷ್ಟರಿಂದ ಭಾಗಿಸಿ ನೋಡಿ, 3437.7 ಬರುತ್ತದೆ, ಪೂರ್ಣ ಮಾಡಿದರೆ 3438. ಅಂದರೆ ಅವನು ಅಂಚಿನ ಉದ್ದವನ್ನೂ ತ್ರಿಜ್ಯವನ್ನೂ ಒಂದೇ ಅಳತೆಯಲ್ಲಿ ಇಟ್ಟ. ದಾರವನ್ನು ಅಂಚಿಗೆ ಬಾಗಿಸಿಟ್ಟ ಹಾಗೇ ಇದು. 3438 ಅನ್ನುವುದು ಒಂದು ರೇಡಿಯನ್‌ನಲ್ಲಿ ಎಷ್ಟು ನಿಮಿಷ ಇವೆ ಅನ್ನುವುದರ ಉತ್ತರ, ಆ ಪದ ಹುಟ್ಟುವುದಕ್ಕೆ ಸಾವಿರದ ಮುನ್ನೂರು ವರ್ಷಕ್ಕೂ ಮೊದಲು.

ಅದೇ ಕೋಷ್ಟಕದ ಮೊದಲ ಸಂಖ್ಯೆಯನ್ನೂ ನೋಡಿ. ಅವನು 225 ಕಲೆಗೆ ಒಂದು ಹೆಜ್ಜೆ ಇಡುತ್ತಾನೆ, ಅಂದರೆ ಮೂರೂ ಮುಕ್ಕಾಲು ಡಿಗ್ರಿ. 225 ಕಲೆಯ ಜ್ಯಾ ಎಷ್ಟು? ಅದೂ 225. ಕೋನ ಸಣ್ಣದಿದ್ದಾಗ ಸೈನ್ ಮತ್ತು ಕೋನ ಒಂದೇ ಅಂತ ನಾವು ಭೌತಶಾಸ್ತ್ರದ ತರಗತಿಯಲ್ಲಿ ಬರೆದುಕೊಂಡದ್ದು ಅಲ್ಲಿ ಅಂಕಿಯ ರೂಪದಲ್ಲಿ ಕೂತಿದೆ. ಮುಂದೆ 14ನೇ ಶತಮಾನದ ಕೇರಳದ ಗಣಿತಜ್ಞ, ಸಂಗಮಗ್ರಾಮದ ಮಾಧವ ಈ ತ್ರಿಜ್ಯವನ್ನು 3437 ಕಲೆ, 44 ವಿಕಲೆ (ಕಲೆಯ ಅರವತ್ತನೇ ಪಾಲು, ಕೋನದ ಸೆಕೆಂಡ್), ಅದರ ಮೇಲೆ ವಿಕಲೆಯ ಅರವತ್ತರಲ್ಲಿ 48 ಪಾಲು ಅಂತ ಹೇಳಿದ. ಇವತ್ತಿನ ಕಂಪ್ಯೂಟರ್ ಹೇಳುವುದು 3437 ನಿಮಿಷ 44.806 ಸೆಕೆಂಡ್. ಮಾಧವನ 48 ಪಾಲು ಅಂದರೆ 0.8 ಸೆಕೆಂಡ್. ಕ್ಯಾಲ್ಕುಲೇಟರ್ ತೆಗೆದು ಹೋಲಿಸಿ ನೋಡಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕ್ಯಾಲ್ಕುಲೇಟರ್ ಅಂದಾಗ ನೆನಪಾಯಿತು. ಸೈನ್ 30 ಒತ್ತಿದರೆ 0.5 ಬರಬೇಕಾದ ಕಡೆ ಮೈನಸ್ 0.988 ಬಂದರೆ ಯಂತ್ರ ಕೆಟ್ಟಿಲ್ಲ. ಅದು ರೇಡಿಯನ್‌ನಲ್ಲಿ ಕೂತಿದೆ ಅಷ್ಟೇ. 30 ರೇಡಿಯನ್ ಅಂದರೆ ಸುಮಾರು 1718.87 ಡಿಗ್ರಿ, ನಾಲ್ಕು ಪೂರ್ತಿ ಸುತ್ತು ತೆಗೆದರೆ ಉಳಿಯುವುದು 278.87 ಡಿಗ್ರಿ, ಅದರ ಸೈನ್ ಸರಿಯಾಗಿ ಮೈನಸ್ 0.988. ಯಂತ್ರ ನಾವು ಕೇಳಿದ್ದಕ್ಕೇ ಉತ್ತರ ಕೊಟ್ಟಿದೆ. ಪರದೆಯ ಮೇಲ್ಭಾಗದಲ್ಲಿ ಸಣ್ಣದಾಗಿ ಡಿ, ಆರ್ ಅಥವಾ ಜಿ ಅಕ್ಷರ ಇರುತ್ತದೆ, ಲೆಕ್ಕ ಶುರು ಮಾಡುವ ಮೊದಲು ಅದನ್ನು ನೋಡುವುದು ಅಭ್ಯಾಸವಾಗಬೇಕು. ಇನ್ನೂ ಒಳ್ಳೆಯದು, ಸೈನ್ 30 ಒತ್ತಿ ಉತ್ತರ ನೋಡಿಬಿಡುವುದು.

ಆ ಜಿ ಅಕ್ಷರದ ಬಗ್ಗೆ ಜಾಸ್ತಿ ಎಚ್ಚರ ಬೇಕು. ಅದು ಗ್ರೇಡಿಯನ್. ಆ ಸ್ಥಿತಿಯಲ್ಲಿ ಸೈನ್ 30 ಒತ್ತಿದರೆ 0.454 ಬರುತ್ತದೆ. ರೇಡಿಯನ್ ತಪ್ಪಾದಾಗ ಮೈನಸ್ ಬರುತ್ತದೆ, ಅಥವಾ ಅಸಂಬದ್ಧ ಉತ್ತರ ಬರುತ್ತದೆ, ಯಾರಾದರೂ ನಿಂತು ನೋಡುತ್ತಾರೆ. 0.454 ನೋಡಲು ಸರಿಯಾಗಿಯೇ ಇದೆ ಅನ್ನಿಸುತ್ತದೆ, ಇಡೀ ಲೆಕ್ಕದಲ್ಲಿ ಸೇರಿಹೋಗುತ್ತದೆ. ಎರಡರಲ್ಲಿ ನನಗೆ ಭಯ ಹುಟ್ಟಿಸುವುದು ಇದೇ.

ಗ್ರೇಡಿಯನ್ ಹಿಂದಿನ ಯೋಚನೆ ಮಾತ್ರ ಚೆನ್ನಾಗಿದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಎಲ್ಲವನ್ನೂ ಹತ್ತರ ಲೆಕ್ಕಕ್ಕೆ ತರಬೇಕು ಅಂತ ಹೊರಟವರು ಲಂಬಕೋನವನ್ನು 100 ಪಾಲು ಮಾಡಿದರು. ಮೀಟರ್‌ನ್ನು ಕೂಡ ಧ್ರುವದಿಂದ ಭೂಮಧ್ಯರೇಖೆಯ ತನಕದ ದೂರದ ಒಂದು ಕೋಟಿ ಪಾಲಿನಲ್ಲಿ ಒಂದು ಅಂತ ಇಟ್ಟಿದ್ದರು. ಎರಡೂ ಸೇರಿದಾಗ ಅಕ್ಷಾಂಶದ ಒಂದು ಗ್ರೇಡಿಯನ್ ನೆಲದ ಮೇಲೆ 100 ಕಿ.ಮೀ., ಅದರ ನೂರನೇ ಪಾಲು 1 ಕಿ.ಮೀ. ಆಗುತ್ತದೆ. ಡಿಗ್ರಿಯವರಿಗೂ ಇಂಥದ್ದೇ ಒಂದು ಇದೆ: ಅಕ್ಷಾಂಶದ ಒಂದು ನಿಮಿಷವೇ ಹಡಗಿನವರ ನಾಟಿಕಲ್ ಮೈಲಿ, ಈಗ ಅದನ್ನು ಸರಿಯಾಗಿ 1852 ಮೀಟರ್ ಅಂತ ಗೊತ್ತು ಮಾಡಿದ್ದಾರೆ. ಯುರೋಪಿನ ಕೆಲವು ಕಡೆ ಸರ್ವೇ ಮಾಡುವವರು ಈಗಲೂ ಗ್ರೇಡಿಯನ್ ಬಳಸುತ್ತಾರೆ, ಅವರು ಅದನ್ನು ಗಾನ್ ಅಂತಾರೆ. 247.36 ಗಾನ್ ಅಂದರೆ ಎರಡು ಲಂಬಕೋನ ದಾಟಿ 47.36, ನೂರರ ಸ್ಥಾನದ ಅಂಕಿ ನೋಡಿದರೇ ಗೊತ್ತಾಗುತ್ತದೆ. ಬಾಯಿಲೆಕ್ಕವೂ ಸುಲಭ: ಗ್ರೇಡಿಯನ್‌ನಿಂದ ಡಿಗ್ರಿಗೆ ಹತ್ತನೇ ಒಂದು ಪಾಲು ಕಳೆಯಿರಿ, 70ರಿಂದ 7 ಕಳೆದರೆ 63. ವಾಪಸ್ ಹೋಗುವಾಗ ಒಂಬತ್ತನೇ ಒಂದು ಪಾಲು ಕೂಡಿಸಿ, 63ಕ್ಕೆ 7 ಕೂಡಿಸಿದರೆ 70.

ಮತ್ತೆ ರೇಡಿಯನ್‌ಗೆ ಬರುತ್ತೇನೆ, ಯಾಕೆಂದರೆ ಅದರಿಂದ ದಿನನಿತ್ಯ ಕೆಲಸಕ್ಕೆ ಬರುವ ಮೂರು ಸಂಖ್ಯೆ ಸಿಗುತ್ತವೆ: 57, 3438, 206265. ಒಂದು ರೇಡಿಯನ್‌ನಲ್ಲಿರುವ ಡಿಗ್ರಿ, ನಿಮಿಷ, ಸೆಕೆಂಡುಗಳು ಇವು. 1 ಸೆಂಟಿಮೀಟರ್ ಅಗಲದ ವಸ್ತುವನ್ನು 57 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಅದು ಕಣ್ಣಿಗೆ 1 ಡಿಗ್ರಿಯಷ್ಟು ಕಾಣುತ್ತದೆ. ಕೈ ಚಾಚಿದಾಗ ಕಿರುಬೆರಳು ಹೆಚ್ಚುಕಡಿಮೆ ಇಷ್ಟೇ. ಚಂದ್ರ ಸುಮಾರು ಅರ್ಧ ಡಿಗ್ರಿ, ಹಾಗಾಗಿ ಅದನ್ನು ಮುಚ್ಚಲು ಅದೇ ಕಿರುಬೆರಳಿನ ಅರ್ಧ ಸಾಕು. ದಿಗಂತದ ಹತ್ತಿರ ಚಂದ್ರ ಎಷ್ಟೇ ದೊಡ್ಡದಾಗಿ ಕಂಡರೂ ಬೆರಳು ಹಿಡಿದು ನೋಡಿ, ಅಷ್ಟೇ ಇರುತ್ತದೆ. 3438 ಮೀಟರ್ ದೂರದ ಒಂದು ಮೀಟರ್ ಒಂದು ನಿಮಿಷ. 206265 ಮೀಟರ್, ಅಂದರೆ 206 ಕಿ.ಮೀ. ದೂರದ ಒಂದು ಮೀಟರ್ ಒಂದು ಸೆಕೆಂಡ್. ಖಗೋಳದವರ ಪಾರ್ಸೆಕ್ ಬಂದದ್ದೂ ಹೀಗೇ. ಭೂಮಿ ಮತ್ತು ಸೂರ್ಯನ ನಡುವಿನ ದೂರ ಎಲ್ಲಿಂದ ನೋಡಿದರೆ ಒಂದು ಸೆಕೆಂಡ್ ಕೋನವಾಗಿ ಕಾಣುತ್ತದೋ, ಆ ದೂರವೇ ಒಂದು ಪಾರ್ಸೆಕ್. ಭೂಮಿ-ಸೂರ್ಯರ ದೂರದ 206265 ಪಟ್ಟು, ಸುಮಾರು 3.26 ಜ್ಯೋತಿರ್ವರ್ಷ.

ಸೈನ್ಯದವರು ಬಳಸುವ ಮಿಲ್ ಕೂಡ ರೇಡಿಯನ್‌ನ ಸಾವಿರದ ಪಾಲಿನಿಂದಲೇ ಹೊರಟದ್ದು. ಒಂದು ಕಿಲೋಮೀಟರ್ ದೂರದಲ್ಲಿ ಒಂದು ಮೀಟರ್ ಅನ್ನುವುದು ಅದರ ಸೊಗಸು. ಆದರೆ ಸರಿಯಾದ ಲೆಕ್ಕದಲ್ಲಿ ಸುತ್ತಿಗೆ 6283.185 ಬರುತ್ತದೆ, ಅದನ್ನು ಯಾವ ಉಪಕರಣದ ಮೇಲೂ ಗೀಟು ಹಾಕಿ ಗುರುತಿಸಲು ಆಗುವುದಿಲ್ಲ. ಹಾಗಾಗಿ ನೇಟೋ ದೇಶಗಳು 6400 ಮಾಡಿಕೊಂಡವು, ಸೋವಿಯತ್ ಕಡೆಯವರು 6000, ಸ್ವೀಡನ್ ಹಿಂದೆ 6300. ಹೆಸರು ಮಿಲ್ ಅಂತ ಕೇಳಿದ ತಕ್ಷಣ ಸುತ್ತಿಗೆ ಎಷ್ಟು ಅಂತ ಕೇಳಲೇಬೇಕು. 6400ರ ಮಿಲ್ ಕಿಲೋಮೀಟರ್ ದೂರದಲ್ಲಿ 98 ಸೆಂಟಿಮೀಟರ್ ಆದರೆ 6000ದ್ದು 105 ಸೆಂಟಿಮೀಟರ್.

ಪ್ರೋಗ್ರಾಂ ಬರೆಯುವವರಿಗೆ ಇನ್ನೆರಡು ಮಾತು. ಸಿ, ಪೈಥಾನ್, ಜಾವಾಸ್ಕ್ರಿಪ್ಟ್, ಎಕ್ಸೆಲ್, ಎಲ್ಲದರ ಸೈನ್ ಫಂಕ್ಷನ್ ಕೇಳುವುದು ರೇಡಿಯನ್. ಡಿಗ್ರಿ ಕೊಟ್ಟರೆ ಎರರ್ ಬರುವುದಿಲ್ಲ, ಸುಮ್ನೆ ತಪ್ಪು ಸಂಖ್ಯೆ ಬರುತ್ತದೆ, ಅದೇ ಸಮಸ್ಯೆ. ವೆಬ್ ಪುಟಗಳ ಅಂದಚಂದ ಹೇಳುವ ಸಿಎಸ್‌ಎಸ್ ಇದರಲ್ಲಿ ನನಗೆ ತುಂಬಾ ಹಿಡಿಸಿತು. ಅಲ್ಲಿ ಡಿಗ್ರಿ, ರೇಡಿಯನ್, ಗ್ರೇಡಿಯನ್ ಜೊತೆಗೆ ಸುತ್ತು ಅನ್ನುವ ಅಳತೆಯೂ ಇದೆ, ಮತ್ತು ಸಂಖ್ಯೆಯ ಪಕ್ಕದಲ್ಲೇ ಅಳತೆಯ ಹೆಸರು ಬರೆಯಬೇಕು. ಉಳಿದ ಭಾಷೆಗಳಲ್ಲಿ ಆ ಶಿಸ್ತು ನಾವೇ ತಂದುಕೊಳ್ಳಬೇಕು. ವೇರಿಯಬಲ್ ಹೆಸರಿನ ಕೊನೆಗೆ ಅಳತೆಯನ್ನು ಸೇರಿಸುವುದು ನನ್ನ ಕ್ರಮ, ಕೋನ ಅಂತ ಬರೀ ಹೆಸರಿಡುವುದಿಲ್ಲ. ಒಳಗಿನ ಲೆಕ್ಕ ಪೂರ್ತಿ ರೇಡಿಯನ್‌ನಲ್ಲಿ, ಒಳಗೆ ಬರುವಾಗ ಒಂದು ಸಲ ಮತ್ತು ಹೊರಗೆ ತೋರಿಸುವಾಗ ಒಂದು ಸಲ ಮಾತ್ರ ಬದಲಾವಣೆ. ನಡುವೆ ಎಲ್ಲೂ ಬದಲಿಸುವುದಿಲ್ಲ.

ಇನ್ನೊಂದು ವಿಷಯ, ಇದು ಅಳತೆಯ ತಪ್ಪಲ್ಲ, ಆದರೆ ನೋಡಲು ಹಾಗೇ ಕಾಣುತ್ತದೆ. ಗಣಿತದಲ್ಲಿ ಕೋನ ಪೂರ್ವದಿಂದ ಶುರುವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ದಿಕ್ಸೂಚಿ ಉತ್ತರದಿಂದ ಶುರುವಾಗಿ ಮುಳ್ಳಿನ ಜೊತೆಗೇ ಹೋಗುತ್ತದೆ. ಎರಡೂ ಡಿಗ್ರಿಯೇ, ಸೊನ್ನೆ ಇರುವ ಜಾಗ ಬೇರೆ. 90ರಿಂದ ಕಳೆದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು: ಗಣಿತದ 120 ಡಿಗ್ರಿ, ದಿಕ್ಸೂಚಿಯ ಮೈನಸ್ 30, ಒಂದು ಸುತ್ತು ಕೂಡಿಸಿದರೆ 330. ಮತ್ತು 350 ಡಿಗ್ರಿ, 10 ಡಿಗ್ರಿ ಎರಡರ ಸರಾಸರಿ 180 ಅಂತ ದಯವಿಟ್ಟು ಹಾಕಬೇಡಿ. ಎರಡೂ ಉತ್ತರದ ಅಕ್ಕಪಕ್ಕದಲ್ಲೇ ಇವೆ, ಸರಾಸರಿ ಸೊನ್ನೆ. ಸಂಖ್ಯೆ ಸುತ್ತಿ ವಾಪಸ್ ಬರುತ್ತದೆ ಅನ್ನುವುದನ್ನು ಮರೆತಾಗ ಹೀಗಾಗುತ್ತದೆ.

ಪೈ ಅಂದರೆ 180 ಅಂತ ಬರೆಯುವುದನ್ನೂ ಬಿಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಪೈ ಅಂದರೆ 3.1416, ಯಾವತ್ತೂ ಅಷ್ಟೇ. ಪೈ ರೇಡಿಯನ್ ಅಂದರೆ 180 ಡಿಗ್ರಿ. ಒಂದು ಪದ ಬಿಟ್ಟರೆ ಏನಾಗುತ್ತದೆ ಅಂತ ಕೇಳಬಹುದು. 100 ಸೆಂಟಿಮೀಟರ್ ಅಂದರೆ 1 ಮೀಟರ್ ಅನ್ನುವ ಬದಲು 100 ಅಂದರೆ 1 ಅಂತ ಬರೆದ ಹಾಗೆ ಅದು. ಮಕ್ಕಳು ಮುಂದೆ ವೃತ್ತದ ವಿಸ್ತೀರ್ಣದಲ್ಲೂ ಪೈ ಜಾಗಕ್ಕೆ 180 ಹಾಕಿದರೆ ತಪ್ಪು ಅವರದಲ್ಲ, ಅಲ್ವಾ?

ಕೊನೆಗೆ ಸುತ್ತಿನ ಉಪಾಯ ಕೆಲಸ ಮಾಡದ ಒಂದು ಕಡೆ ಇದೆ, ಅದನ್ನೂ ಹೇಳಬೇಕು. ಇಳಿಜಾರನ್ನು ಶೇಕಡಾದಲ್ಲಿ ಹೇಳುತ್ತಾರಲ್ಲ, ಅದು ಸುತ್ತಿನ ಪಾಲೇ ಅಲ್ಲ. 100 ಮೀಟರ್ ಮುಂದೆ ಹೋದಾಗ ಎಷ್ಟು ಮೀಟರ್ ಮೇಲೇರುತ್ತೇವೆ ಅನ್ನುವುದು, ಅಂದರೆ ಟ್ಯಾಂಜೆಂಟ್‌. ಶೇ 100 ಅಂದರೆ ನೇರ ಗೋಡೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಅದು 45 ಡಿಗ್ರಿ. ಶೇ 200 ಅಂದರೆ 90 ಆಗುವುದಿಲ್ಲ, 63.43 ಡಿಗ್ರಿ. ನೇರ ಗೋಡೆಗೆ ಶೇಕಡಾ ಲೆಕ್ಕವೇ ಇಲ್ಲ, ಎಷ್ಟು ದೊಡ್ಡ ಸಂಖ್ಯೆ ಹೇಳಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಅರ್ಧ ಮಾಡಿದರೂ ಅರ್ಧವಾಗುವುದಿಲ್ಲ: ಶೇ 50 ಅಂದರೆ 22.5 ಅಲ್ಲ, 26.57 ಡಿಗ್ರಿ. ಇಲ್ಲಿ ಗುಣಾಕಾರ ಭಾಗಾಕಾರ ಸಾಲದು, ಟ್ಯಾಂಜೆಂಟ್‌ ಹಿಮ್ಮುಖವಾಗಿ ಹಿಡಿಯಲೇಬೇಕು.

ಆದರೆ ಇಳಿಜಾರು ಸಣ್ಣದಿದ್ದರೆ ಇಲ್ಲೂ ಆರ್ಯಭಟನ 225 ನೆನಪಿಗೆ ಬರುತ್ತದೆ. ಕೋನ ಸಣ್ಣದಾಗಿದ್ದಾಗ ಟ್ಯಾಂಜೆಂಟ್‌ ಕೂಡ ಕೋನವೇ, ರೇಡಿಯನ್‌ನಲ್ಲಿ. ಹಾಗಾಗಿ ಶೇ 1 ಅಂದರೆ ರೇಡಿಯನ್‌ನ ನೂರನೇ ಪಾಲು, 0.573 ಡಿಗ್ರಿ. ಗಾಲಿಕುರ್ಚಿಯ ರ‍್ಯಾಂಪ್‌ಗೆ 12ಕ್ಕೆ 1ರ ಇಳಿಜಾರು ಅಂತ ಹೇಳುತ್ತಾರೆ, ಅಂದರೆ ಶೇ 8.33. 0.573ರಿಂದ ಗುಣಿಸಿದರೆ 4.77 ಡಿಗ್ರಿ. ಟ್ಯಾಂಜೆಂಟ್‌ ಹಿಡಿದು ಸರಿಯಾಗಿ ಮಾಡಿದರೆ 4.76.